ಹುಳ ಕಟ್ಟಿದ ಮನೆ, ಹುಳಕ್ಕಾಗಿ ಕಟ್ಟಿದ ಮನೆ

ಒಂದು ಮನೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ನಾವು ಗಾರೆ ಕೆಲಸದವರ ಹೆಸರು ಹೇಳುತ್ತೇವೆ, ಬಡಗಿಯ ಹೆಸರು ಹೇಳುತ್ತೇವೆ, ದುಡ್ಡು ಹಾಕಿದ ಯಜಮಾನನ ಹೆಸರನ್ನಂತೂ ಮರೆಯುವುದಿಲ್ಲ. ಆದರೆ ತಾಳವಾಡಿ ಸೀಮೆಯ ಹಳೆಯ ಮಣ್ಣಿನ ಮನೆಯೊಂದರ ಮುಂದೆ ನಿಂತು ಇದೇ ಪ್ರಶ್ನೆ ಕೇಳಿ ನೋಡಿ. ಉತ್ತರ ಅಷ್ಟು ಸುಲಭವಲ್ಲ. ಗೋಡೆಗೆ ಮೆತ್ತಿದ ನಯವಾದ ಮಣ್ಣು ಹುತ್ತದಿಂದ ಬಂದದ್ದು. ಅದನ್ನು ಕಣಕಣವಾಗಿ ಆರಿಸಿ, ಜೊಲ್ಲಿನಿಂದ ಅಂಟಿಸಿ ಹದ ಮಾಡಿಟ್ಟದ್ದು ಗೆದ್ದಲು. ನೆಲಕ್ಕೆ ಸಾರಿಸಿದ್ದು ಹಸುವಿನ ಸಗಣಿ. ಹಿತ್ತಲ ಸುತ್ತ ನಿಂತ ಬೇಲಿ ಕಳ್ಳಿಯದೋ ಕತ್ತಾಳೆಯದೋ. ನೆಟ್ಟ ಮೇಲೆ ತಾನೇ ಬೆಳೆದು, ತಾನೇ ದಟ್ಟವಾಗಿ, ತಾನೇ ಕಾಯುವ ಬೇಲಿ. ದಿಂಬಂ ಘಾಟಿಯ 27 ತಿರುವು ಇಳಿದು ಕೊಂಗು ನಾಡಿಗೆ ಹೋದರೆ ಅಲ್ಲಿಯೂ ಇದೇ ಮಾತು. ದನ ಮೇಯಿಸುವ ಕೊರಂಗಾಡುಗಳ ಸುತ್ತ ಕಿಳುವೈ ಗಿಡದ ಜೀವಂತ ಬೇಲಿ ತಲೆಮಾರುಗಳಿಂದ ನಿಂತಿದೆ. ಇನ್ನು ಸಗಣಿಯ ಮಾತು ಬಂದರೆ ನಮ್ಮ ಗುಮ್ಮಟಾಪುರವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಬೀರೇಶ್ವರನ ಗುಡಿಯ ಬಳಿ ಸಗಣಿಯ ರಾಶಿ ಹಾಕಿ, ಒಬ್ಬರ ಮೇಲೊಬ್ಬರು ಉಂಡೆ ಎಸೆದು ಗೊರೆಹಬ್ಬ ಆಡುವ ಊರು ಅದು. ಹಬ್ಬ ಮುಗಿದ ಮೇಲೆ ಅದೇ ಸಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ.

ಅಂದರೆ, ಜೀವಿಗಳನ್ನು ಜೊತೆಗೆ ಸೇರಿಸಿಕೊಂಡು ಕಟ್ಟುವುದು ನಮಗೆ ಹೊಸ ಸಂಗತಿಯಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ದೊಡ್ಡ ದೇಶಗಳ ಕಲಾವಿದರು, ವಾಸ್ತುಶಿಲ್ಪಿಗಳು ಇದನ್ನು ಹೊಸದೆಂಬಂತೆ ಎತ್ತಿಕೊಂಡಿದ್ದಾರೆ. ಸಿಮೆಂಟು, ಕಬ್ಬಿಣ, ಪ್ಲಾಸ್ಟಿಕ್ಕು ಭೂಮಿಗೆ ಭಾರವಾದವು, ಇನ್ನು ಮುಂದೆ ಅಣಬೆ, ಜೇನು, ಮರದ ಬೇರು, ಹುಳ ಇವುಗಳನ್ನೇ ಕೆಲಸದ ಜೊತೆಗಾರರನ್ನಾಗಿ ಮಾಡಿಕೊಳ್ಳೋಣ ಎನ್ನುತ್ತಿದ್ದಾರೆ. ಒಳ್ಳೆಯ ಮಾತು. ಆದರೆ ಜೊತೆಗಾರ ಎನ್ನುವ ಪದ ದೊಡ್ಡದು. ಹಾಗೆ ಕರೆದ ಮೇಲೆ ಅವನಿಗಾಗಿ ನಾವು ಏನನ್ನು ಬಿಟ್ಟುಕೊಟ್ಟೆವು, ಅವನಿಗೆ ಏನು ಸಿಕ್ಕಿತು ಎಂದು ಕೇಳಬೇಕಾಗುತ್ತದೆ. ಈ ಲೆಕ್ಕವನ್ನು ನಮ್ಮ ಗಡಿನಾಡು ಬಹಳ ಕಾಲದಿಂದ ಒಂದು ಸಣ್ಣ ಪ್ರಾಣಿಯೊಂದಿಗೆ ಮಾಡುತ್ತ ಬಂದಿದೆ. ಅದು ರೇಷ್ಮೆ ಹುಳ. ಇಂದಿನ ಮಾತು ಅದರ ಚರಿತ್ರೆ.

ಮೊದಲು ಹುಳದ ಕಸುಬನ್ನು ನೋಡೋಣ. ಸಾಕಿದವರಿಗೆ ಇದು ಗೊತ್ತಿರುವ ವಿಷಯವೇ. ಸಾಕದವರಿಗಾಗಿ ನಾಲ್ಕು ಮಾತು. ಸಾಸಿವೆಗಿಂತ ಸಣ್ಣದಾದ ಮೊಟ್ಟೆಯಿಂದ ಹೊರಬಂದ ಮರಿ ಸುಮಾರು 25ರಿಂದ 28 ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಮಧ್ಯೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ನಿಂತು ಚರ್ಮ ಬಿಡುತ್ತದೆ. ಪುಸ್ತಕದವರು ಇದನ್ನು ಪೊರೆ ಕಳಚುವುದು ಎನ್ನುತ್ತಾರೆ. ನಮ್ಮ ಜನ ಇದಕ್ಕೆ ಜ್ವರ ಎಂದು ಹೆಸರಿಟ್ಟರು. ಒಂದನೇ ಜ್ವರ, ಎರಡನೇ ಜ್ವರ, ಜ್ವರಕ್ಕೆ ಕೂತಿದೆ, ಜ್ವರದಿಂದ ಎದ್ದಿದೆ. ಮಕ್ಕಳ ಮಾತನ್ನು ಆಡುವ ಹಾಗೆಯೇ ಹುಳದ ಮಾತನ್ನೂ ಆಡಿದರು. ನಾಲ್ಕನೇ ಜ್ವರ ದಾಟಿದ ಮೇಲೆ ಶುರುವಾಗುತ್ತದೆ ನೋಡಿ ಅದರ ಹಸಿವು! ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ 100ಕ್ಕೆ 80 ಪಾಲಿಗಿಂತ ಹೆಚ್ಚನ್ನು ಈ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ರಾತ್ರಿ ಹುಳು ಮನೆಯಲ್ಲಿ ಕೂತರೆ ತರಗೆಲೆಯ ಮೇಲೆ ಮಳೆ ಬಿದ್ದಂತೆ ಸದ್ದು ಕೇಳುತ್ತದೆ. ಹುಟ್ಟಿದಾಗಿನ ತೂಕದ ಸುಮಾರು 10,000 ಪಟ್ಟು ಆಗುವಷ್ಟು ಬೆಳೆದು, ಒಂದು ದಿನ ಸೊಪ್ಪಿನ ಮೇಲೆ ಆಸೆ ಬಿಡುತ್ತದೆ. ಮೈ ದ್ರಾಕ್ಷಿಯಂತೆ ತಿಳಿಯಾಗಿ ಹೊಳೆಯುತ್ತದೆ. ಆಗ ಮನೆಯವರು ಹೇಳುವ ಮಾತು ಒಂದೇ: ಹುಳ ಹಣ್ಣಾಗಿದೆ.

ಹಣ್ಣಾದ ಹುಳಕ್ಕೆ ಬೇಕಾದದ್ದು ಒಂದು ಮೂಲೆ. ಬಯಲಿನಲ್ಲಿ ಅದು ಗೂಡು ಕಟ್ಟಲಾರದು. ಎಳೆಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಕಟ್ಟಿಕೊಳ್ಳಲು ಅಕ್ಕಪಕ್ಕದಲ್ಲಿ ಆಧಾರ ಬೇಕು. ಆ ಮೂಲೆಯನ್ನು ಒದಗಿಸುವುದೇ ಚಂದ್ರಿಕೆ. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಬಿದಿರಿನ ತಡಿಕೆ. ಅದರ ಮೇಲೆ ಎರಡು ಬೆರಳು ಅಗಲದ ಬಿದಿರು ಪಟ್ಟಿಯನ್ನು ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಒಂದು ಚಂದ್ರಿಕೆಗೆ ಸುಮಾರು 1,000 ಹುಳ. ಸುತ್ತು ತೀರ ಹತ್ತಿರವಾದರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿ ಗೂಡಿನಲ್ಲಿ ಎಳೆಗಳು ಹೆಣೆದುಕೊಂಡು ನೂಲು ಬಿಚ್ಚಲು ಬರುವುದಿಲ್ಲ. ತೀರ ದೂರವಾದರೆ ಆಧಾರ ಸಿಗದೆ ಹುಳ ಅಲೆದಾಡಿ ಎಳೆ ಹಾಳುಮಾಡುತ್ತದೆ. ಹುಳದ ಮೈಯ ಅಳತೆಯೇ ಬಿದಿರು ಪಟ್ಟಿಯ ಅಳತೆ. ಹೀಗೆ ಅಳತೆ ತಿಳಿದು ಬಿದಿರು ಸೀಳಿ ನೇಯ್ದವರು ಮೇದರು. ಚಂದ್ರಿಕೆ ಎಂಬ ಈ ಹೆಸರು ಗಡಿಯ ತಡೆಯಿಲ್ಲದೆ ತಮಿಳಿನಲ್ಲೂ ಸಂದಿರಿಗೈ ಆಗಿ ನಿಂತಿದೆ. ನಾವು ಗೂಡು ಎಂದರೆ ಅವರು ಕೂಡು ಎನ್ನುತ್ತಾರೆ. ಎರಡು ಭಾಷೆ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂಲೆ ಸಿಕ್ಕ ಹುಳ ಮೊದಲು ಸಡಿಲವಾದ ಎಳೆಗಳನ್ನು ಅಡ್ಡಾದಿಡ್ಡಿ ಬಿಗಿದು ಸಾರವೆ ಕಟ್ಟಿಕೊಳ್ಳುತ್ತದೆ. ನಮ್ಮ ಗಾರೆಯವರು ಸಾರವೆ ಕಟ್ಟಿ ಗೋಡೆ ಏರಿಸುವುದಿಲ್ಲವೇ, ಹಾಗೆ. ಆಮೇಲೆ ಒಳಗೆ ಕೂತು, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಲೆಯಾಡಿಸುತ್ತ, ಎರಡು ಮೂರು ದಿನ ಒಂದೇ ಸಮನೆ ಎಳೆ ಬಿಡುತ್ತದೆ. ಆ ಎಳೆ ಎರಡು ನಾರುಗಳು ಸೇರಿದ್ದು. ಎರಡನ್ನೂ ಒಂದು ಅಂಟು ಹಿಡಿದಿಟ್ಟಿರುತ್ತದೆ. ಗೂಡಿನ ತೂಕದಲ್ಲಿ ಸುಮಾರು ಕಾಲು ಭಾಗ ಆ ಅಂಟೇ. ನಮ್ಮ ಹಳೆಯ ಮೈಸೂರು ತಳಿಯ ಹಸಿರು ಹಳದಿ ಗೂಡಿನಲ್ಲಿ ಎಳೆ ಕೆಲವು ನೂರು ಮೀಟರು. ಈಗಿನ ಬಿಳಿ ಬೈವೋಲ್ಟೀನ್ ಗೂಡಿನಲ್ಲಿ 1,000 ಮೀಟರಿಗೂ ಹೆಚ್ಚು. ಅದೂ ನಡುವೆ ತುಂಡಿಲ್ಲದ ಒಂದೇ ಎಳೆ.

ಈ ಕೆಲಸದಲ್ಲಿ ಮನುಷ್ಯನ ಪಾತ್ರ ಎಷ್ಟು ಎಂದು ನೋಡಿ. ಅವನು ಎಳೆ ಮಾಡಲಾರ. ಗೂಡಿನ ಆಕಾರವನ್ನೂ ಕೊಡಲಾರ. ಹುಳಕ್ಕೆ ಆಜ್ಞೆ ಮಾಡಿ ಪ್ರಯೋಜನವಿಲ್ಲ. ಸೊಪ್ಪು, ಮೂಲೆ, ಗಾಳಿ, ನೆರಳು ಇಷ್ಟನ್ನು ಹದವಾಗಿ ಒದಗಿಸಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಗೂಡು ಕಟ್ಟುವಾಗ ಗಾಳಿಯಾಡದೆ ತೇವ ನಿಂತರೆ ಅಂಟು ಬೇಗ ಒಣಗುವುದಿಲ್ಲ, ಎಳೆಗೆ ಎಳೆ ಬೆಸೆದುಕೊಳ್ಳುತ್ತದೆ, ಬಿಚ್ಚುವಾಗ ಹರಿಯುತ್ತದೆ. ಆದ್ದರಿಂದಲೇ ಚಂದ್ರಿಕೆಗಳನ್ನು ಓರೆಯಾಗಿ, ತೆಳು ನೆರಳಿನಲ್ಲಿ, ಗಾಳಿ ಬರುವ ಕಡೆ ನಿಲ್ಲಿಸುವ ಪದ್ಧತಿ ಬಂತು.

ಇಷ್ಟೆಲ್ಲ ಒದಗಿಸಲು ಹೊರಟವನ ಮನೆ ಬದಲಾಗದೆ ಇರುತ್ತದೆಯೇ? ಪ್ರತ್ಯೇಕ ಹುಳು ಮನೆಗಳು ಬರುವುದಕ್ಕೆ ಮುಂಚೆ ಬಹುಪಾಲು ಸಂಸಾರಗಳು ಹುಳವನ್ನು ಸಾಕಿದ್ದು ತಾವು ವಾಸ ಮಾಡುವ ಮನೆಯೊಳಗೇ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ಮೇಲೆ ತಟ್ಟೆ. ತಟ್ಟೆ ಹೊತ್ತ ಏಣಿಯ ಕಾಲುಗಳಿಗೆ ನೀರಿನ ಬಟ್ಟಲು, ಇರುವೆ ಹತ್ತಬಾರದೆಂದು. ಎಳೆ ಹುಳಕ್ಕೆ 27, 28 ಡಿಗ್ರಿಯ ಬಿಸುಪು ಮತ್ತು ಒಳ್ಳೆಯ ತೇವ ಬೇಕು. ದೊಡ್ಡ ಹುಳಕ್ಕೆ 24, 25 ಡಿಗ್ರಿಯ ತಂಪು ಮತ್ತು ಧಾರಾಳ ಗಾಳಿ ಬೇಕು. ಹಾಗಾಗಿ ಒಂದೇ ಕೋಣೆ ತಿಂಗಳೊಳಗೆ ಎರಡು ರೀತಿ ಉಸಿರಾಡಬೇಕು. ಚಳಿಯಲ್ಲಿ ಕೆಂಡದ ಮಡಕೆ, ಸೆಕೆಯಲ್ಲಿ ಕಿಟಕಿಗೆ ಒದ್ದೆ ಗೋಣಿ. ಜ್ವರಕ್ಕೆ ಕೂತಾಗ ಸುಣ್ಣದ ಪುಡಿ. ಬೀಡಿ ಸೇದಿದವನಿಗೆ, ಹೊಗೆಸೊಪ್ಪು ಮುಟ್ಟಿದವನಿಗೆ ಒಳಗೆ ಪ್ರವೇಶವಿಲ್ಲ. ಇದು ಬರೀ ಮಡಿಯ ಮಾತಲ್ಲ. ಹೊಗೆಸೊಪ್ಪಿನ ವಿಷ ಹುಳಕ್ಕೆ ನಿಜವಾಗಿಯೂ ಮಾರಕ. ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರು ಮಲಗುವ ಜಾಗವನ್ನೂ ಹುಳಕ್ಕೆ ಬಿಟ್ಟು ಜಗುಲಿಗೆ ಬರುತ್ತಿದ್ದರು. ಮನೆ ಮನುಷ್ಯನದೋ ಹುಳದ್ದೋ ಎಂದು ಹೇಳಲಾಗದ ಆ ಒಂದು ವಾರವೇ ರೇಷ್ಮೆ ಸೀಮೆಯ ವಾಸ್ತುಶಾಸ್ತ್ರ ಎನ್ನಬಹುದು.

ಈ ಜೊತೆಗಾರಿಕೆ ನಮ್ಮ ಸೀಮೆಗೆ ಬಂದದ್ದು ಹೇಗೆ? ಹುಳವನ್ನು ಮೊದಲು ಮನೆಗೆ ಕರೆದವರು ಚೀನಾದವರು. ಸಾವಿರಾರು ವರ್ಷ ಸಾಕಿದ ಮೇಲೆ ಇದು ಕಾಡಿನ ಪ್ರಾಣಿಯಾಗಿ ಉಳಿಯಲಿಲ್ಲ. ಇದರ ಚಿಟ್ಟೆಗೆ ರೆಕ್ಕೆಯುಂಟು, ಹಾರಲು ಬಾರದು. ಮರಿಗೆ ಬಾಯುಂಟು, ಮೇವು ಹುಡುಕಿ ಹೋಗಲು ಬಾರದು. ಮನುಷ್ಯನಿಲ್ಲದೆ ಅದು ಬದುಕಲಾರದು. ಮೈಸೂರು ಸೀಮೆಗೆ ಇದನ್ನು ನೆಲೆಗೊಳಿಸಿದ ಕೀರ್ತಿ ಟಿಪ್ಪು ಸುಲ್ತಾನನಿಗೆ ಸಲ್ಲುತ್ತದೆ. 1780ರ ದಶಕದಲ್ಲಿ ಬಂಗಾಳದ ಕಡೆಯಿಂದ ಹುಳವನ್ನೂ ಕಸುಬು ಬಲ್ಲವರನ್ನೂ ತರಿಸುವ ಏರ್ಪಾಡನ್ನು ಆತ ಮಾಡಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯವನ್ನು ಹಂಚಿಕೊಂಡರು. ಚಾಮರಾಜನಗರದ ಕಡೆಯ ನೆಲ ಮೈಸೂರು ಅರಸರಿಗೆ ಉಳಿಯಿತು. ಕೊಳ್ಳೇಗಾಲ, ಸತ್ಯಮಂಗಲ, ತಾಳವಾಡಿ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದವು. ಮಾತು ಒಂದೇ, ನೆಂಟಸ್ತಿಕೆ ಒಂದೇ, ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ.

ಮುಂದಿನ ಒಂದೂವರೆ ಶತಮಾನ ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆ ಹುಳ ಸಾಕಣೆಯೆಂದರೆ ಬಹುಮಟ್ಟಿಗೆ ಕೊಳ್ಳೇಗಾಲದ ಮಾತೇ ಆಗಿತ್ತು. ಅತ್ತ ಮೈಸೂರು ಸಂಸ್ಥಾನದಲ್ಲಿ ಜೆಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿಸಿದರು. 1912ರಲ್ಲಿ ಮೈಸೂರಿನಲ್ಲಿ ಅರಸರ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. 20ನೆಯ ಶತಮಾನದ ಮೊದಲ ಭಾಗದಲ್ಲೇ ನಮ್ಮ ಮೈಸೂರು ತಳಿಯ ತಾಯಿಗೆ ಹೊರದೇಶದ ತಳಿಯ ತಂದೆಯನ್ನು ಕೂಡಿಸಿ ಮಿಶ್ರತಳಿ ಬೆಳೆಸಿದರು. ನಮ್ಮ ತಳಿ ಸೆಕೆಯನ್ನೂ ರೋಗವನ್ನೂ ತಾಳುತ್ತದೆ, ಎಳೆ ಕಡಿಮೆ. ಹೊರಗಿನದು ಎಳೆ ಹೆಚ್ಚು ಕೊಡುತ್ತದೆ, ನಾಜೂಕು. ಎರಡರ ಗುಣವನ್ನೂ ಕೂಡಿಸುವ ಲೆಕ್ಕ ಅದು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಷೂಟಿಗೆ ರೇಷ್ಮೆ ಬೇಕಾದಾಗ ಇಡೀ ಸೀಮೆಯ ಗೂಡಿಗೆ ಬೇಡಿಕೆ ಏರಿತು. ಹಳ್ಳಿಯ ನಡುಮನೆಯ ಹುಳ ಎಲ್ಲೋ ಆಕಾಶದಲ್ಲಿ ಸಿಪಾಯಿಗೆ ಆಧಾರವಾಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಮತ್ತೆ ಬರೆಯಲ್ಪಟ್ಟಿತು. ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ರೇಷ್ಮೆಯ ದೃಷ್ಟಿಯಿಂದ ನೋಡಿದರೆ, ಮದ್ರಾಸ್ ರಾಜ್ಯ ಹುಳು ಸಾಕುವ ತನ್ನ ಮುಖ್ಯ ಸೀಮೆಯನ್ನೇ ಕಳೆದುಕೊಂಡಿತು. ಅದರ ಪಾಲಿಗೆ ಉಳಿದದ್ದು ತಾಳವಾಡಿ, ಹೊಸೂರುಗಳಂಥ ಗಡಿಯ ಮೂಲೆಗಳು. ಎರಡೂ ಎತ್ತರದ ತಂಪು ನೆಲ, ಎರಡೂ ಕನ್ನಡ ತಿಳಿದ ನೆಲ. ತಮಿಳುನಾಡಿನ ರೇಷ್ಮೆ ಕೃಷಿ ಮತ್ತೆ ಬೇರುಬಿಟ್ಟು ಬಯಲು ಜಿಲ್ಲೆಗಳಿಗೆ ಹಬ್ಬಿದ್ದು ಇಂಥ ಮೂಲೆಗಳಿಂದ. ಕೊಯಮತ್ತೂರು ಜಿಲ್ಲೆಯನ್ನು ಒಡೆದು 1979ರಲ್ಲಿ ಹೊಸ ಜಿಲ್ಲೆ ಮಾಡಿದಾಗ ನಾವು ಈಗಿನ ಈರೋಡು ಜಿಲ್ಲೆಗೆ ಬಂದೆವು. ಹೀಗೆ ಸರ್ಕಾರಗಳು ಬದಲಾದವು, ಜಿಲ್ಲೆಗಳು ಬದಲಾದವು. ಹುಳದ ನಾಲ್ಕು ಜ್ವರ ಮಾತ್ರ ಬದಲಾಗಲಿಲ್ಲ.

ಜೊತೆಗಾರಿಕೆ ಎಂದ ಮೇಲೆ ಸುಖ ಮಾತ್ರ ಇರುವುದಿಲ್ಲ, ರೋಗವೂ ಹಂಚಿಕೆಯಾಗುತ್ತದೆ. 19ನೆಯ ಶತಮಾನದ ನಡುಭಾಗದಲ್ಲಿ ಗಂಟುರೋಗ ಯೂರೋಪಿನ ರೇಷ್ಮೆಯನ್ನು ನೆಲಕಚ್ಚಿಸಿತು. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಆಲೆ ಎಂಬ ಊರಿಗೆ ಹೋಗಿ ಕೂತು, ವರ್ಷಗಟ್ಟಲೆ ದುಡಿದು ಒಂದು ಸರಳ ಉಪಾಯ ಕಂಡುಹಿಡಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು; ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಟ್ಟುಬಿಡುವುದು. ಇಂದು ನೀವು ತರುವ ರೋಗರಹಿತ ಮೊಟ್ಟೆಯ ಹಿಂದೆ ಇರುವುದು ಅದೇ ಪರೀಕ್ಷೆ. ನಮ್ಮ ಕಡೆಗೆ 1980ರಲ್ಲಿ ಇನ್ನೊಂದು ಪೀಡೆ ಬಂತು. ಬಂಗಾಳದಿಂದ ಬಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳದ ಮೈಮೇಲೆ ಮೊಟ್ಟೆಯಿಟ್ಟು, ಒಳಗಿನಿಂದ ತಿಂದು ಹಾಕುವ ನೊಣ ಅದು. ಹುಳು ಮನೆಯ ಕಿಟಕಿ ಬಾಗಿಲುಗಳಿಗೆ ಸೊಳ್ಳೆ ಪರದೆಯಂಥ ಬಲೆ ಬಂದದ್ದು ಆಗ. ವಿಷ ಹೊಡೆದು ನೊಣವನ್ನು ಕೊಲ್ಲೋಣವೆಂದರೆ ಹುಳವೂ ಸಾಯುತ್ತದೆ. ಆದ್ದರಿಂದ ವಿಜ್ಞಾನಿಗಳು ಊಜಿಯ ಕೋಶದೊಳಗೆ ತನ್ನ ಮೊಟ್ಟೆಯಿಡುವ ನೆಸೋಲಿಂಕ್ಸ್ ಎಂಬ ಗುಂಗುರಿನಷ್ಟು ಸಣ್ಣ ಕಣಜವನ್ನು ಬೆಳೆಸಿ ರೈತರಿಗೆ ಕೊಟ್ಟರು. ಒಂದು ಜೀವಿಯನ್ನು ಕಾಯಲು ಇನ್ನೊಂದು ಜೀವಿಯ ನೆರವು. ಜೀವಂತ ಜೊತೆಗಾರನನ್ನು ಇಟ್ಟುಕೊಂಡ ಮನೆಗೆ ಅಡ್ಡದಾರಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಈಗ ಸ್ವಲ್ಪ ದೂರ ಹೋಗಿ ಬರೋಣ. 2013ರಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ನೇರಿ ಆಕ್ಸ್‌ಮನ್ ಎಂಬ ವಾಸ್ತುಶಿಲ್ಪಿಯ ತಂಡ ಒಂದು ರೇಷ್ಮೆ ಮಂಟಪ ಕಟ್ಟಿತು. ಯಂತ್ರದಿಂದ ರೇಷ್ಮೆ ದಾರ ಹೆಣೆದ 26 ಚೌಕಟ್ಟುಗಳನ್ನು ಗುಮ್ಮಟದಂತೆ ಜೋಡಿಸಿ ತೂಗುಹಾಕಿದರು. ಅದರ ಮೇಲೆ 6,500 ರೇಷ್ಮೆ ಹುಳಗಳನ್ನು ಬಿಟ್ಟರು. ಗೂಡು ಕಟ್ಟಲು ಬೇಕಾದ ಎತ್ತರದ ಮೂಲೆ ಅಲ್ಲಿ ಇರಲಿಲ್ಲ. ಮೂಲೆ ಸಿಗದ ಹುಳ ಏನು ಮಾಡುತ್ತದೆ? ಗೂಡಿನ ಬದಲು ಎಳೆಯನ್ನು ಹಾಳೆಯಂತೆ ಚಪ್ಪಟೆಯಾಗಿ ಹಾಸುತ್ತದೆ. ಹೀಗೆ ಹುಳಗಳು ಓಡಾಡಿ, ನೆರಳಿದ್ದ ಕಡೆ ದಟ್ಟವಾಗಿ, ಬೆಳಕಿದ್ದ ಕಡೆ ತೆಳುವಾಗಿ ಎಳೆ ಹಾಸಿ ಚೌಕಟ್ಟಿನ ಸಂದುಗಳನ್ನು ತುಂಬಿದವು. ಎಳೆ ಮುಗಿದ ಮೇಲೆ ಹುಳಗಳನ್ನು ಕುದಿಸಲಿಲ್ಲ; ಅವು ಕೋಶವಾಗಿ, ಚಿಟ್ಟೆಯಾಗಿ, ಮೊಟ್ಟೆಯಿಟ್ಟವು. 2020ರಲ್ಲಿ ಅದೇ ತಂಡ 17,532 ಹುಳಗಳ ನೆರವಿನಿಂದ ಇನ್ನೂ ದೊಡ್ಡದೊಂದನ್ನು ಮಾಡಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಇಟ್ಟಿತು. ಅದೇ ಊರಿನಲ್ಲಿ 2014ರಲ್ಲಿ ಜೋಳದ ದಂಟಿನ ಪುಡಿಯಲ್ಲಿ ಅಣಬೆಯ ಬೇರೆಳೆಗಳನ್ನು ಬೆಳೆಸಿ ಮಾಡಿದ ಸುಮಾರು 10,000 ಇಟ್ಟಿಗೆಗಳಿಂದ ಒಂದು ಗೋಪುರ ಎದ್ದಿತು. ಬೇಸಿಗೆ ಕಳೆದ ಮೇಲೆ ಅದನ್ನು ಬಿಚ್ಚಿ ಗೊಬ್ಬರ ಮಾಡಿದರು. ನಮ್ಮ ದೇಶದಲ್ಲೇ ಮೇಘಾಲಯದ ಖಾಸಿ ಜನ ರಬ್ಬರು ಜಾತಿಯ ಆಲದ ಬೇರುಗಳನ್ನು ಹಳ್ಳದ ಮೇಲೆ ಹಾಯಿಸಿ, ಹತ್ತಾರು ವರ್ಷ ಕಾದು, ಜೀವಂತ ಸೇತುವೆ ಮಾಡಿಕೊಂಡಿದ್ದಾರೆ. ನೆಟ್ಟವನು ದಾಟುವುದಿಲ್ಲ, ಮಕ್ಕಳು ದಾಟುತ್ತಾರೆ.

ರೇಷ್ಮೆ ಮಂಟಪದ ಸಂಗತಿಯನ್ನು ಕೇಳಿದ ನಮ್ಮ ಹುಳು ಸಾಕುವ ಹೆಣ್ಣುಮಗಳು ಏನೆನ್ನಬಹುದು? ಮೂಲೆ ಸಿಗದ ಹುಳ ತಟ್ಟೆಯ ಮೇಲೆ ಎಳೆ ಹಾಸುವುದನ್ನು ಆಕೆ ಬೆಳೆ ಬೆಳೆಗೂ ನೋಡಿದವಳು. ಆಕೆಯ ಪಾಲಿಗೆ ಅದು ನಷ್ಟ. ಬೇಗ ಚಂದ್ರಿಕೆಗೆ ಬಿಡಬೇಕಿತ್ತು ಎಂಬುದಕ್ಕೆ ಗುರುತು. ಅದೇ ಗುಣವನ್ನು ಅಲ್ಲಿ ಕಲೆಯೆಂದು ಹಿಡಿದರು. ಎರಡೂ ಕಡೆ ಹುಳ ಒಂದೇ, ತಿಳಿವಳಿಕೆಯೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವೆಂದರೆ ಅಲ್ಲಿ ಮಂಟಪದ ಕೆಳಗೆ ಹುಳದ ಲೆಕ್ಕವನ್ನೂ ಬರೆದರು, ಮಾಡಿಸಿದವರ ಹೆಸರನ್ನೂ ಬರೆದರು. ನಮ್ಮಲ್ಲಿ ಸೀರೆಯ ಮೇಲೆ ಅಂಗಡಿಯ ಹೆಸರಷ್ಟೇ ಇರುತ್ತದೆ. ನಡುರಾತ್ರಿ ಎದ್ದು ಸೊಪ್ಪು ಹಾಕಿದವಳ ಹೆಸರಿಲ್ಲ, ಚಂದ್ರಿಕೆ ಹೆಣೆದ ಮೇದರ ಕೈಯ ಹೆಸರಿಲ್ಲ, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನೂಲು ಬಿಚ್ಚಿದವರ ಹೆಸರಿಲ್ಲ.

ಇನ್ನು ಹುಳದ ಲೆಕ್ಕ. ಇದನ್ನು ಮರೆಮಾಚಿ ಹೇಳಬಾರದು. ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ. ಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಐದಾರು ದಿನಕ್ಕೆ ಗೂಡು ಬಿಡಿಸಿ, ಬಿಸಿಗಾಳಿಗೋ ಆವಿಗೋ ಒಡ್ಡಿ ಒಳಗಿನ ಜೀವವನ್ನು ನಿಲ್ಲಿಸುತ್ತಾರೆ. ಅರ್ಧ ಕಿಲೋ ರೇಷ್ಮೆಗೆ ಎರಡು ಮೂರು ಸಾವಿರ ಗೂಡು ಬೇಕು. ಅಷ್ಟು ಜೀವ. ಇದನ್ನು ಕಂಡು ಮನಸ್ಸು ಒಪ್ಪದೆ ಹೈದರಾಬಾದಿನ ಕುಸುಮ ರಾಜಯ್ಯ ಅವರು 1990ರ ದಶಕದಲ್ಲಿ, ಚಿಟ್ಟೆ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆದು ಬಟ್ಟೆ ಮಾಡುವ ದಾರಿ ಹಿಡಿದರು. ಅಹಿಂಸಾ ರೇಷ್ಮೆ ಎಂದು ಅದಕ್ಕೆ ಹೆಸರು. ಅದನ್ನು ಹತ್ತಿಯಂತೆ ನೂಲಬೇಕಾಗುತ್ತದೆ. ಹೊಳಪು ಸ್ವಲ್ಪ ಕಡಿಮೆ, ಕೆಲಸ ಹೆಚ್ಚು, ಬೆಲೆಯೂ ಹೆಚ್ಚು. ಎಲ್ಲ ರೈತರೂ ಆ ದಾರಿ ಹಿಡಿಯಬೇಕೆಂದು ಹೇಳುವುದು ಸುಲಭ, ಸಾಲ ಮಾಡಿ ಹಿಪ್ಪುನೇರಳೆ ನಾಟಿ ಮಾಡಿದವನಿಗೆ ಮಾಡುವುದು ಸುಲಭವಲ್ಲ. ಆದರೆ ಜೊತೆಗಾರ ಎಂಬ ಮಾತನ್ನು ಬಳಸುವವರು ಈ ಸಾವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲೇಬೇಕು. ನಮ್ಮ ಹಿರಿಯರು ಹುಳ ಸತ್ತ ಮೇಲೂ ಅದನ್ನು ವ್ಯರ್ಥ ಮಾಡಲಿಲ್ಲ ಎಂಬುದೂ ಅದೇ ಪುಸ್ತಕದಲ್ಲಿ ಇರಲಿ. ಹಿಕ್ಕೆ ಗೊಬ್ಬರಕ್ಕೆ, ಉಳಿದ ಸೊಪ್ಪು ದನಕ್ಕೆ, ಕೋಶ ಕೋಳಿಗೆ, ಮೀನಿಗೆ.

ಈಗ ನಮ್ಮ ಕಾಲಕ್ಕೆ ಬರೋಣ. ಹುಳ ಮನೆಯ ನಡುವಿನಿಂದ ಹೊರಗೆ, ಪ್ರತ್ಯೇಕ ಹುಳು ಮನೆಗೆ ಹೋಗಿದೆ. ಎರಡೂ ರಾಜ್ಯಗಳ ರೇಷ್ಮೆ ಇಲಾಖೆಗಳು ಅದಕ್ಕೆ ಸಹಾಯಧನ ಕೊಡುತ್ತವೆ. ಎರಡನೇ ಜ್ವರ ದಾಟಿದ ಹುಳವನ್ನೇ ಚಾಕಿ ಕೇಂದ್ರದಿಂದ ತರಬಹುದು. ಬಿದಿರು ಚಂದ್ರಿಕೆಯ ಜಾಗಕ್ಕೆ ಮಡಚುವ ಪ್ಲಾಸ್ಟಿಕ್ ಚಂದ್ರಿಕೆ ಬಂದಿದೆ. ತೊಳೆಯಲು ಸುಲಭ, ಇಡಲು ಜಾಗ ಕಡಿಮೆ. ಸಂಸಾರಕ್ಕೆ ಮಲಗಲು ಮನೆ ಸಿಕ್ಕಿತು, ಹುಳಕ್ಕೂ ರೋಗ ಕಡಿಮೆಯಾಯಿತು. ಇದನ್ನು ಹಾಳಾಯಿತು ಎಂದು ಅಳುವುದರಲ್ಲಿ ಅರ್ಥವಿಲ್ಲ. ಮೇದರ ಕೆಲಸ ಹೋಯಿತು ಎಂಬುದನ್ನು ಮಾತ್ರ ಹೇಳಿಯೇ ಮುಂದೆ ಹೋಗಬೇಕು.

ಆದರೆ ದೊಡ್ಡ ಅಪಾಯ ಇನ್ನೊಂದು ಕಡೆಯಿಂದ ಇದೆ. ತಾಳವಾಡಿಯ ಹೊಲಗಳಲ್ಲಿ ಈಗ ಕೋಸು, ಟೊಮ್ಯಾಟೊ, ಆಲೂಗೆಡ್ಡೆ, ಬೀಟ್‌ರೂಟ್ ಬೆಳೆಯುತ್ತವೆ. ತರಕಾರಿಗೆ ಔಷಧಿ ಹೊಡೆಯುತ್ತಾರೆ. ಗಾಳಿ ಬೀಸಿದರೆ ಔಷಧಿ ಪಕ್ಕದ ಹಿಪ್ಪುನೇರಳೆಯ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗದಿರಬಹುದು. ಆ ಸೊಪ್ಪು ತಿಂದ ಹುಳ ಬಾಯಿಂದ ರಸ ಕಕ್ಕಿ, ಒದ್ದಾಡಿ ಸಾಯುತ್ತದೆ. 100 ಮೊಟ್ಟೆಯ ಬೆಳೆ ಎಂದರೆ 40,000ಕ್ಕೂ ಹೆಚ್ಚು ಹುಳ. ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಹುಳವನ್ನು ಕೊಂದ ಅದೇ ಗಾಳಿಯನ್ನು ನಮ್ಮ ಮಕ್ಕಳೂ ಉಸಿರಾಡಿರುತ್ತಾರೆ, ಅದೇ ತೋಟದ ಬದಿಯ ಹುಲ್ಲನ್ನು ಹಸುವೂ ಮೇದಿರುತ್ತದೆ. ನಮಗೆ ತಿಳಿಯುವ ಮೊದಲೇ ಹುಳಕ್ಕೆ ತಿಳಿದಿರುತ್ತದೆ. ಹುಳ ಸಾಕುವ ಮನೆ ಊರಿನಲ್ಲಿ ಇರುವವರೆಗೆ ನೆಲಕ್ಕೆ ಬಿದ್ದ ವಿಷದ ಸುದ್ದಿ ಹೇಳುವ ಒಬ್ಬ ಸಾಕ್ಷಿ ಊರಿನಲ್ಲಿ ಇರುತ್ತಾನೆ. ಆ ಮನೆ ಮುಚ್ಚಿದರೆ ಸಾಕ್ಷಿಯೂ ಹೋದ ಹಾಗೆ.

ಆದ್ದರಿಂದ ಈ ಚರಿತ್ರೆಯಿಂದ ತಿಳಿಯುವ ಮಾತು ಸಣ್ಣದು, ಆದರೆ ಖರ್ಚಿನದು. ಜೀವಿಯೊಂದಿಗೆ ಸೇರಿ ಕಟ್ಟುವುದೆಂದರೆ ಅದರ ಹದಕ್ಕೆ ನಾವು ಬಗ್ಗುವುದು. ನಮ್ಮ ಹಿರಿಯರು ಮಲಗುವ ಜಾಗ ಬಿಟ್ಟುಕೊಟ್ಟರು, ನಿದ್ದೆ ಬಿಟ್ಟರು, ಬೀಡಿ ಬಿಟ್ಟರು. ನಾವು ಬಿಡಬೇಕಾದದ್ದು ಏನು ಎಂದು ಊರೂರಿನಲ್ಲಿ ಕೂತು ಮಾತಾಡಬಹುದು. ತರಕಾರಿ ಬೆಳೆಯುವವರು ಔಷಧಿ ಹೊಡೆಯುವ ಹಿಂದಿನ ದಿನ ಪಕ್ಕದ ಹುಳು ಮನೆಗೆ ಒಂದು ಮಾತು ಹೇಳಬಹುದು. ಸೊಪ್ಪು ಮೊದಲೇ ಕೊಯ್ದಿಟ್ಟುಕೊಳ್ಳಲು ಅಷ್ಟು ಸಾಕು. ಹಿಪ್ಪುನೇರಳೆ ತೋಟಕ್ಕೂ ತರಕಾರಿಗೂ ನಡುವೆ ಗಾಳಿ ತಡೆಯುವ ಜೀವಂತ ಬೇಲಿಯನ್ನು ಎತ್ತರವಾಗಿ ಬೆಳೆಸಬಹುದು. ಬೇಲಿ ಬೆಳೆಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಳೆಯ ಬಿದಿರು ಚಂದ್ರಿಕೆ ಅಟ್ಟದ ಮೇಲೆ ಇದ್ದರೆ ಒಲೆಗೆ ಹಾಕಬೇಡಿ. ಊರಿನ ಕನ್ನಡ ಶಾಲೆಗೋ ತಮಿಳು ಶಾಲೆಗೋ ಕೊಡಿ, ಅದರ ಸುತ್ತಿನ ಅಳತೆ ಯಾಕೆ ಅಷ್ಟಿದೆ ಎಂದು ಮಕ್ಕಳಿಗೆ ಹೇಳಿ. ಹೇಳಬಲ್ಲ ಅಜ್ಜಿಯರು ಇನ್ನೂ ನಮ್ಮ ಜಗುಲಿಗಳ ಮೇಲೆ ಕೂತಿದ್ದಾರೆ.